ಬರೆದದ್ದು ಯಾರು? ಅಕ್ಷರ ಎಣಿಸಿದವರ ಕತೆ

ಹೋದ ತಿಂಗಳು ನಾನೊಂದು ಮುಜುಗರದ ಕೆಲಸ ಮಾಡಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಇತಿಹಾಸ.

ನನ್ನ ಹೊಟ್ಟೆಪಾಡು ಇಂಗ್ಲಿಷಿನಲ್ಲಿ ಬರೆಯುವುದು. ಕೈಪಿಡಿ, ಕರಪತ್ರ, ಕಂಪನಿಗಳ ಪರಿಚಯ ಲೇಖನ... ಹೀಗೆ ಹದಿನೆಂಟು ವರ್ಷ ಕಳೆದಿದೆ. (ಕನ್ನಡದಲ್ಲಿ ಬರೆಯುವುದು ಖುಷಿಗೆ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ನಾನೂ ಕೇಳುವುದಿಲ್ಲ :-) ) ಎರಡು ದಿನ ಕೂತು ಬರೆದ ಲೇಖನವೊಂದನ್ನು ಗಿರಾಕಿಯೊಬ್ಬರಿಗೆ ಕಳಿಸಿದ್ದೆ. ಸಂಜೆ ಉತ್ತರ ಬಂತು. "ಸರ್, ಟೂಲ್‌ಗೆ ಹಾಕಿ ನೋಡಿದ್ವಿ. ಬಹುಪಾಲು ಎಐ ಬರೆದಿದ್ದು ಅಂತ ತೋರಿಸ್ತಿದೆ. ಸ್ವಲ್ಪ ಹ್ಯೂಮನ್ ಮಾಡಿ ಕೊಡ್ತೀರಾ?"

ಫೋನ್ ಮಾಡಿದೆ. ನಾನೇ ಬರೆದದ್ದು ಅಂದೆ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಸರ್, ಆದ್ರೆ ಟೂಲ್ ಹೀಗೆ ಹೇಳ್ತಿದೆಯಲ್ಲ" ಅಂದರು. ಅದಕ್ಕೇನು ಉತ್ತರ ಹೇಳುವುದು? ರಾತ್ರಿ ಕೂತು ನೆಟ್ಟಗಿದ್ದ ವಾಕ್ಯಗಳನ್ನು ಸೊಟ್ಟ ಮಾಡಿದೆ. ಎಲ್ಲರಿಗೂ ಗೊತ್ತಿರುವ ಪದ ತೆಗೆದು ಯಾರೂ ಬಳಸದ ಪದ ಹಾಕಿದೆ. ಎರಡು ಕಡೆ ಬೇಕೆಂದೇ ಅಲ್ಪವಿರಾಮ ಬಿಟ್ಟೆ. ಈ ಸಲ ಪಾಸಾಯಿತು, ಹಣವೂ ಬಂತು. ಚೆನ್ನಾಗಿ ಬರೆದದ್ದಕ್ಕಲ್ಲ, ಬರೆದದ್ದನ್ನು ಕೆಡಿಸಿದ್ದಕ್ಕೆ ಬಂದ ಹಣ ಅದು.

ಬರಹ ನೋಡಿ ಲೆಕ್ಕದ ಮೂಲಕ ಬರೆದವರನ್ನು ಹಿಡಿಯಬಹುದು ಎಂಬ ಯೋಚನೆ ಯಾರಿಗೆ ಯಾವಾಗ ಬಂತು ಅಂತ ಹುಡುಕುತ್ತಾ ಹೋದೆ. ಹಾದಿಯಲ್ಲಿ ರಷ್ಯಾದ ಇಬ್ಬರು ಸಿಕ್ಕರು. ಅವರ ಜಗಳ ನಡೆದು ನೂರು ವರ್ಷ ದಾಟಿದೆ, ಆದರೆ ಓದಿದರೆ ನಿನ್ನೆ ನಡೆದಂತಿದೆ.

*

ಮೊದಲನೆಯವರು ಗಣಿತಜ್ಞ ಆಂದ್ರೇ ಮಾರ್ಕೊವ್. 1913ರ ಜನವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿಯಲ್ಲಿ ಅವರು ಒಂದು ವಿಚಿತ್ರ ಲೆಕ್ಕ ಮಂಡಿಸಿದರು. ಪುಷ್ಕಿನ್ನನ ಪದ್ಯ ಕಾದಂಬರಿ 'ಯೆವ್ಗೆನಿ ಅನ್ಯೇಗಿನ್'ನ ಮೊದಲ 20,000 ಅಕ್ಷರಗಳನ್ನು, ನಡುವಿನ ಜಾಗ ಮತ್ತು ವಿರಾಮಚಿಹ್ನೆ ಬಿಟ್ಟು, ಸಾಲಾಗಿ ಬರೆದುಕೊಂಡಿದ್ದರು. ಅದನ್ನು 100 ಅಕ್ಷರಗಳ 200 ಚೌಕಗಳಾಗಿ ಮಾಡಿ, ಸ್ವರ ಎಷ್ಟು, ವ್ಯಂಜನ ಎಷ್ಟು ಎಂದು ಕೈಯಿಂದಲೇ ಎಣಿಸಿದ್ದರು. ಸ್ವರ 8,638, ವ್ಯಂಜನ 11,362.

ಅಂದರೆ ಕಣ್ಣು ಮುಚ್ಚಿ ಒಂದು ಅಕ್ಷರದ ಮೇಲೆ ಬೆರಳಿಟ್ಟರೆ ಅದು ಸ್ವರವಾಗಿರುವ ಸಾಧ್ಯತೆ ನೂರಕ್ಕೆ ಸುಮಾರು 43. ಆದರೆ ಹಿಂದಿನ ಅಕ್ಷರ ಸ್ವರ ಎಂದು ಗೊತ್ತಿದ್ದರೆ ಆ ಸಾಧ್ಯತೆ ಸುಮಾರು 13ಕ್ಕೆ ಇಳಿಯುತ್ತದೆ. ಹಿಂದಿನದು ವ್ಯಂಜನವಾಗಿದ್ದರೆ 66ಕ್ಕೆ ಏರುತ್ತದೆ. ಒಂದು ಅಕ್ಷರ ತನ್ನ ಮುಂದಿನದರ ಕೈ ಹಿಡಿದೇ ನಡೆಯುತ್ತದೆ. ಇದನ್ನೇ ಈಗ ಮಾರ್ಕೊವ್ ಸರಪಳಿ ಎನ್ನುತ್ತಾರೆ.

ಮಾರ್ಕೊವ್‌ಗೆ ಕಾವ್ಯದ ಉಸಾಬರಿ ಏನೂ ಇರಲಿಲ್ಲ. ಮಾಸ್ಕೋದ ನೆಕ್ರಾಸೊವ್ ಎಂಬ ಗಣಿತಜ್ಞ, ಸಂಭವನೀಯತೆಯ ನಿಯಮ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಿಗೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ಅಂಕಿಅಂಶಗಳೇ ಮನುಷ್ಯನ ಇಚ್ಛಾಸ್ವಾತಂತ್ರ್ಯಕ್ಕೆ ಸಾಕ್ಷಿ ಎಂದು ವಾದಿಸುತ್ತಿದ್ದರು. ಅದು ತಪ್ಪು ಎಂದು ತೋರಿಸಲು ಮಾರ್ಕೊವ್‌ಗೆ ಒಂದಕ್ಕೊಂದು ಅಂಟಿಕೊಂಡ ಸಂಗತಿಗಳ ಉದ್ದನೆಯ ಸಾಲು ಬೇಕಿತ್ತು. ಪುಷ್ಕಿನ್ ಕೈಗೆ ಸಿಕ್ಕ, ಅಷ್ಟೇ!

ಆದರೆ ಆ ಹಟದ ಲೆಕ್ಕ ಬಹಳ ದೂರ ಹೋಯಿತು. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಇದೇ ಸರಪಳಿಯಿಂದ ಇಂಗ್ಲಿಷಿನಂತೆ ಕಾಣುವ ಸಾಲುಗಳನ್ನು ಹೊಸೆದು ತೋರಿಸಿದರು. ಯಾವ ಪದದ ಹಿಂದೆ ಯಾವ ಪದ ಬರುತ್ತದೆ ಎಂಬ ಲೆಕ್ಕವಷ್ಟೇ, ಅರ್ಥದ ಗೊಡವೆಯಿಲ್ಲ. ಇವತ್ತಿನ ಚಾಟ್‌ಜಿಪಿಟಿಯ ಒಳಗಿನ ಯಂತ್ರ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು, ಬೇರೆಯೇ ರಚನೆಯದು. ಆದರೂ 'ಇಲ್ಲಿಯವರೆಗೆ ಬಂದದ್ದು ಇದು, ಮುಂದೆ ಬರುವ ತುಣುಕು ಯಾವುದು' ಎಂಬ ಪ್ರಶ್ನೆ ಮಾತ್ರ ಅದೇ. ಬರೆಯುವ ಯಂತ್ರದ ಹಿರಿಯಜ್ಜ ಮಾರ್ಕೊವ್ ಎಂದರೆ ತಪ್ಪಾಗದು.

*

ಈಗ ಎರಡನೆಯವರು. ನಿಕೊಲಾಯ್ ಮೊರೊಜೊವ್, ಜಾರ್ ದೊರೆಯ ವಿರುದ್ಧ ನಿಂತ ಕ್ರಾಂತಿಕಾರಿ. ಸುಮಾರು 25 ವರ್ಷ ಸೆರೆಯಲ್ಲಿದ್ದು 1905ರಲ್ಲಿ ಹೊರಬಂದವರು. ಜೈಲಿನಲ್ಲೇ ರಸಾಯನಶಾಸ್ತ್ರ, ಖಗೋಳ ಎಲ್ಲ ಓದಿಕೊಂಡ ಅಸಾಧ್ಯ ಮನುಷ್ಯ. ನಕ್ಷತ್ರದ ಬೆಳಕನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ಅದರಲ್ಲೇನಿದೆ ಎಂದು ಹೇಳುತ್ತಾರಲ್ಲ, ಹಾಗೆಯೇ ಲೇಖಕನ ಗದ್ಯವನ್ನೂ ಬಿಡಿಸಬಹುದು ಎಂದು ಅವರಿಗೆ ಹೊಳೆಯಿತು. 1915ರಲ್ಲಿ 'ಭಾಷಾ ವರ್ಣಪಟಲ' ಎಂಬ ಅರ್ಥದ ಹೆಸರಿಟ್ಟು ಒಂದು ಲೇಖನ ಪ್ರಕಟಿಸಿದರು. ಕೃತಿಚೌರ್ಯವನ್ನು ನಿಜವಾದ ಕೃತಿಯಿಂದ ಬೇರ್ಪಡಿಸುವ ಸಾಧನ ಇದು ಎಂದು ಅದರ ಉಪಶೀರ್ಷಿಕೆಯಲ್ಲೇ ಹೇಳಿಕೊಂಡರು.

ಅವರ ವಿಧಾನ ಸರಳ. ನಮ್ಮ ಭಾಷೆಯ 'ಮತ್ತು', 'ಆದರೆ', 'ಅಲ್ಲ' ಇದ್ದಂತೆ ರಷ್ಯನ್ನಿನಲ್ಲೂ ಲೇಖಕನ ಗಮನಕ್ಕೇ ಬಾರದೆ ನುಸುಳುವ ಪುಟ್ಟ ಪದಗಳಿವೆ. ಒಂದು ಸಾವಿರ ಪದಗಳ ತುಣುಕಿನಲ್ಲಿ ಅವು ಎಷ್ಟೆಷ್ಟು ಸಲ ಬರುತ್ತವೆ ಎಂದು ಎಣಿಸಿ ಗೀಟು ಹಾಕಿದರೆ ಆ ಲೇಖಕನ ಬೆರಳಚ್ಚು ಸಿಕ್ಕಿತು! ಗೊಗೊಲ್ ಬೇರೆ, ಟಾಲ್‌ಸ್ಟಾಯ್ ಬೇರೆ. ಹೊಸ ಹಸ್ತಪ್ರತಿ ಸಿಕ್ಕರೆ ಗೀಟು ಹೋಲಿಸಿ ನೋಡಿದರಾಯಿತು.

ಇದನ್ನು ಓದಿದ ಮಾರ್ಕೊವ್ 1916ರಲ್ಲಿ ಉತ್ತರ ಬರೆದರು. ಸಿಟ್ಟಿನ ಮನುಷ್ಯ ಎಂದು ಹೆಸರಾಗಿದ್ದವರು, ಆದರೆ ಅವರ ಆಕ್ಷೇಪ ತಣ್ಣಗಿದೆ. ಸಾವಿರ ಪದಗಳ ತುಣುಕಿನಲ್ಲಿ ಕಾಣುವ ವ್ಯತ್ಯಾಸ ಲೇಖಕನದೋ, ಆಕಸ್ಮಿಕವೋ ಎಂದು ಹೇಳುವುದು ಹೇಗೆ? ಅದೇ ಲೇಖಕನ ಇನ್ನೊಂದು ಪುಟ ತೆಗೆದರೆ ಲೆಕ್ಕ ಬದಲಾಗುವುದಿಲ್ಲವೇ? ಲಕ್ಷಗಟ್ಟಲೆ ಪದ ಎಣಿಸಿ, ಆಗಲೂ ಲೇಖಕರ ಅಂಕಿಗಳು ಬೇರೆ ಬೇರೆಯಾಗಿಯೇ ನಿಂತರೆ ಮಾತ್ರ ಏನಾದರೂ ಹೇಳಬಹುದು ಎಂದರು. ಜತೆಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಹಾಗೆ ಎಣಿಸಿದಾಗ ಎಲ್ಲ ಲೇಖಕರ ಅಂಕಿಗಳೂ ಒಂದೇ ಸರಾಸರಿಯ ಸುತ್ತ ಸುಳಿದಾಡಬಹುದು. ಆಗ ನಾವು ಹಿಡಿದದ್ದು ಲೇಖಕನನ್ನಲ್ಲ, ಭಾಷೆಯ ಸಾಮಾನ್ಯ ನಿಯಮವನ್ನು.

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬರೆಯುವ ಯಂತ್ರದ ಹಿರಿಯಜ್ಜನೇ ಪತ್ತೆ ಯಂತ್ರವನ್ನು ಮೊದಲು ಅನುಮಾನಿಸಿದ್ದು!

*

ಹಾಗಾದರೆ ಎಣಿಕೆ ಎಲ್ಲ ಸುಳ್ಳೇ? ಇಲ್ಲ. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ 'ಪಬ್ಲಿಯಸ್' ಎಂಬ ಗುಪ್ತನಾಮದಲ್ಲಿ 85 ಲೇಖನಗಳು ಬಂದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ. ಅದರಲ್ಲಿ 12 ಲೇಖನಗಳನ್ನು ಹ್ಯಾಮಿಲ್ಟನ್ ಬರೆದದ್ದೋ ಮ್ಯಾಡಿಸನ್ ಬರೆದದ್ದೋ ಎಂಬ ವಿವಾದ ಬಹುಕಾಲ ಉಳಿದಿತ್ತು. ಮಾಸ್ಟೆಲ್ಲರ್ ಮತ್ತು ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಮೊರೊಜೊವ್‌ನಂತೆಯೇ ಪುಟ್ಟ ಪದಗಳನ್ನು ಎಣಿಸಿದರು. 'ಅಪಾನ್' ಎಂಬ ಪದ ಹ್ಯಾಮಿಲ್ಟನ್‌ಗೆ ಸಾವಿರಕ್ಕೆ ಸುಮಾರು ಮೂರು ಸಲ ಬೇಕು, ಮ್ಯಾಡಿಸನ್ ಅದನ್ನು ಮುಟ್ಟುವುದೇ ಅಪರೂಪ. 1964ರ ಅವರ ಪುಸ್ತಕ ಆ ಹನ್ನೆರಡೂ ಮ್ಯಾಡಿಸನ್‌ನವೇ ಇರಬೇಕು ಎಂದು ತೋರಿಸಿತು. ಇತಿಹಾಸಕಾರರೂ ಬಹುತೇಕ ಒಪ್ಪಿದರು.

ಯಾಕೆ ಗೆದ್ದರು ನೋಡಿ. ಅನುಮಾನ ಇದ್ದದ್ದು ಇಬ್ಬರ ಮೇಲೆ ಮಾತ್ರ. ಇಬ್ಬರೂ ಅದೇ ಕಾಲದಲ್ಲಿ, ಅದೇ ವಿಷಯದ ಮೇಲೆ ಬರೆದ ಬೇಕಾದಷ್ಟು ಬರಹ ಕೈಯಲ್ಲಿತ್ತು. ವರ್ಷಗಟ್ಟಲೆ ಕೆಲಸ ಮಾಡಿದರು, ಉತ್ತರವನ್ನು ಸಾಧ್ಯತೆಯ ಭಾಷೆಯಲ್ಲೇ ಹೇಳಿದರು. ಮತ್ತು ತಪ್ಪಾಗಿದ್ದರೂ ಯಾರ ಅನ್ನಕ್ಕೂ ಕಲ್ಲು ಬೀಳುತ್ತಿರಲಿಲ್ಲ, ಅಷ್ಟರಲ್ಲಿ ಇಬ್ಬರೂ ತೀರಿಹೋಗಿ ನೂರು ವರ್ಷದ ಮೇಲಾಗಿತ್ತು :-)

ನಮ್ಮಲ್ಲೂ ಇಂಥದ್ದೊಂದು ಹಳೆಯ ಪ್ರಶ್ನೆ ಇದೆಯಲ್ಲ, 'ಕವಿರಾಜಮಾರ್ಗ' ಬರೆದದ್ದು ನೃಪತುಂಗನೋ ಶ್ರೀವಿಜಯನೋ ಎಂದು. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚು ಮಾಡಿಸಿದ ಮೇಲೆ ಎಷ್ಟು ಚರ್ಚೆ ನಡೆಯಿತು! ಅಧ್ಯಾಯದ ಕೊನೆಯಲ್ಲಿ ದೊರೆ ಒಪ್ಪಿದ್ದು ಎಂದಿದೆಯೇ ಹೊರತು ದೊರೆ ಬರೆದದ್ದು ಎಂದಿಲ್ಲ ಎಂಬುದು ಒಂದು ವಾದ. ಇವತ್ತು ಹಲವರು ಶ್ರೀವಿಜಯನ ಕಡೆ ವಾಲುತ್ತಾರೆ, ಆದರೆ ಕಾರಣ ಕೊಟ್ಟು ವಾಲುತ್ತಾರೆ. ಯಾರು ಬೇಕಾದರೂ ಆ ಕಾರಣವನ್ನು ಎತ್ತಿ ನೋಡಬಹುದು, ಎದುರು ವಾದ ಹೂಡಬಹುದು. ನನ್ನ ಗಿರಾಕಿಯ ಟೂಲ್ ಕೊಟ್ಟದ್ದು ಒಂದು ಅಂಕಿ ಮಾತ್ರ. ಅಂಕಿಯ ಜತೆ ಹೇಗೆ ವಾದ ಮಾಡುವುದು?

*

ಈಗಿನ ಪತ್ತೆ ಸಾಧನಗಳು ಹ್ಯಾಮಿಲ್ಟನ್ ಮ್ಯಾಡಿಸನ್ ಥರ ಇಬ್ಬರನ್ನು ಹೋಲಿಸುವುದಿಲ್ಲ. ಅವುಗಳಲ್ಲಿ ಹಲವು ಕೇಳುವ ಮುಖ್ಯ ಪ್ರಶ್ನೆ, 'ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು?' ಎಂಬುದು. "ಮೊದಲ ಮಳೆ ಬಿದ್ದಾಗ ಮಣ್ಣಿನ..." ಎಂದು ನಿಲ್ಲಿಸಿದರೆ ನೀವು 'ವಾಸನೆ' ಎನ್ನುತ್ತೀರಿ. ನಾನು 'ಸಾಲ' ಎಂದು ಬರೆದರೆ ಬೆಚ್ಚುತ್ತೀರಿ. ಬೆಚ್ಚಿಸುವ ಪದಗಳು ಕಡಿಮೆ ಇದ್ದಷ್ಟೂ ಯಂತ್ರ ಬರೆದದ್ದೆಂಬ ಅನುಮಾನ ಜಾಸ್ತಿ.

ಇಲ್ಲೇ ಮಾರ್ಕೊವ್ ಮಾತು ಬರುವುದು. ಈ ಲೆಕ್ಕ ಹಿಡಿಯುವುದು ಯಂತ್ರವನ್ನಲ್ಲ, ಸರಾಸರಿಯನ್ನು. ಹಾಗಾದರೆ ಸರಾಸರಿಗೆ ಹತ್ತಿರ ಬರೆಯುವ ಮನುಷ್ಯರು ಯಾರು?

ನಾನು! ಮತ್ತು ನನ್ನಂಥವರು. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಇಟ್ಟುಕೊಂಡು ಇಂಗ್ಲಿಷ್ ಕಲಿತವನು ನಾನು. ಚಿಕ್ಕ ವಾಕ್ಯ ಬರಿ, ಗೊತ್ತಿರುವ ಪದ ಹಾಕು, ಹೆಚ್ಚುಕಮ್ಮಿ ಮಾಡಬೇಡ ಎಂದು ನಮ್ಮ ಮೇಷ್ಟ್ರು ತಲೆ ಮೇಲೆ ಕುಟ್ಟಿ ಕಲಿಸಿದ್ದರು. ಆ ಶಿಸ್ತಿನಿಂದಲೇ ಇಷ್ಟು ವರ್ಷ ಅನ್ನ ತಿಂದದ್ದು. ಈಗ ಆ ಶಿಸ್ತೇ ಯಂತ್ರದ ಗುರುತಾಗಿಬಿಟ್ಟಿದೆ.

ಇದು ನನ್ನೊಬ್ಬನ ಗೋಳಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧ ಕೊಟ್ಟರು. ಎಲ್ಲವೂ ಮನುಷ್ಯರು ಬರೆದವೇ. ಸರಾಸರಿ ನೂರಕ್ಕೆ 61ರಷ್ಟನ್ನು ಯಂತ್ರದ್ದು ಎಂದವು. ಕನಿಷ್ಠ ಒಂದು ಸಾಧನವಾದರೂ ಬೊಟ್ಟು ಮಾಡಿದ ಪ್ರಬಂಧಗಳು 91ರಲ್ಲಿ 89! ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳು ಮಾತ್ರ ಹೆಚ್ಚುಕಡಿಮೆ ಸುಸೂತ್ರವಾಗಿ ಪಾಸಾದವು. ತಮಾಷೆ ಇನ್ನೂ ಇದೆ. ಅದೇ ಟೋಫೆಲ್ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು ಪದಗಳನ್ನು ಸಿಂಗರಿಸಿದ ಮೇಲೆ ಸುಳ್ಳು ಆರೋಪ ಬಹಳಷ್ಟು ಇಳಿಯಿತು. ಮನುಷ್ಯ ಅನ್ನಿಸಿಕೊಳ್ಳಲು ಯಂತ್ರದ ಕೈಯಲ್ಲಿ ತಿದ್ದಿಸಬೇಕು!

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿ 31ರಂದು ಒಂದು ಪತ್ತೆ ಸಾಧನ ಬಿಟ್ಟಿತ್ತು. ಯಂತ್ರದ ಬರಹದಲ್ಲಿ ನೂರಕ್ಕೆ 26ನ್ನು ಮಾತ್ರ ಗುರುತಿಸುತ್ತದೆ, ಮನುಷ್ಯರ ಬರಹದಲ್ಲಿ ನೂರಕ್ಕೆ 9ನ್ನು ತಪ್ಪಾಗಿ ಹಿಡಿಯುತ್ತದೆ ಎಂದು ಅವರೇ ಹೇಳಿದ್ದರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಬಳಸಬೇಡಿ ಎಂದೂ ಎಚ್ಚರಿಸಿದ್ದರು. ಆರು ತಿಂಗಳೊಳಗೆ, ಜುಲೈ 20ಕ್ಕೆ, ನಿಖರತೆ ಸಾಲದೆಂದು ಹಿಂತೆಗೆದುಕೊಂಡರು. ಆಮೇಲಿನ ಸಾಧನಗಳು ಇದಕ್ಕಿಂತ ಸುಧಾರಿಸಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿದರೂ, ಹತ್ತು ಸಾವಿರ ಮಕ್ಕಳ ಉತ್ತರಪತ್ರಿಕೆ ಹಾಕಿದರೆ ನೂರು ಮಕ್ಕಳು ಕಳ್ಳರಾಗುತ್ತಾರೆ. ಅವರಲ್ಲಿ ಯಾರ ಭಾಷೆ ಎರಡನೆಯ ಭಾಷೆ ಎಂದು ಬೇರೆ ಹೇಳಬೇಕಿಲ್ಲ.

*

ಯಂತ್ರದ ಬರಹದ ಪರ ವಕಾಲತ್ತು ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ ಮಾರಾಯ್ರೇ. ಅದರ ಮೇಲೂ ನನಗೆ ಅಷ್ಟೇ ಅನುಮಾನ. ಒಮ್ಮೆ ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಬರಿ ಎಂದು ಕೇಳಿದೆ. ವ್ಯಾಕರಣ ಸರಿಯಿತ್ತು, 'ಸಂಪ್ರದಾಯ', 'ಪರಂಪರೆ', 'ಅಜ್ಜಿಯ ಕೈರುಚಿ' ಎಲ್ಲ ಬಂದವು. ಆದರೆ ಮಿಡಿಯ ತೊಟ್ಟು ಮುರಿದಾಗ ಸಿಡಿದ ಸೊನೆಯಿಂದ ಕೆನ್ನೆ ಸುಟ್ಟುಕೊಂಡವರು ಯಾರೂ ಅದರೊಳಗೆ ಇರಲಿಲ್ಲ. ಏನರ ಹಿಂದೆ ಏನು ಬರುತ್ತದೆ ಎಂಬುದು ಸರಪಳಿಗೆ ಗೊತ್ತು. ಹೇಳಲೇಬೇಕು ಎಂಬ ತುರ್ತು ಅದಕ್ಕಿಲ್ಲ. ಇದನ್ನು ಹಿಡಿಯಲು ಟೂಲ್ ಬೇಕಿರಲಿಲ್ಲ, ಓದಿದ್ದಷ್ಟೇ ಸಾಕಾಯಿತು. ನಾನೂ ತಪ್ಪಬಹುದು, ಆದರೆ ಯಾಕೆ ಹಾಗನ್ನಿಸಿತು ಅಂತ ಹೇಳಬಲ್ಲೆ, ನೀವು ಅದಕ್ಕೆ ಎದುರು ಹೇಳಬಹುದು.

ಆ ಗಿರಾಕಿಯಿಂದ ಮೊನ್ನೆ ಇನ್ನೊಂದು ಕೆಲಸ ಬಂತು. ಈ ಸಲ ಲೇಖನದ ಜತೆ ಮೊದಲ ಕರಡು, ಎರಡನೇ ಕರಡು, ಕೈಬರಹದ ಟಿಪ್ಪಣಿಯ ಫೋಟೋ ಎಲ್ಲ ಕಟ್ಟಿ ಕಳಿಸಿದೆ. "ಟೂಲ್ ಬಿಡಿ, ಇದನ್ನು ಓದಿ. ಎಲ್ಲಿ ಅನುಮಾನ ಬಂತೋ ಆ ಸಾಲು ತೋರಿಸಿ, ಮಾತಾಡೋಣ" ಅಂತ ಬರೆದೆ. ವಾಕ್ಯಗಳನ್ನು ಮೇಷ್ಟ್ರು ಕಲಿಸಿದಂತೆ ನೆಟ್ಟಗೇ ಇಟ್ಟಿದ್ದೇನೆ. ಇದುವರೆಗೆ ಉತ್ತರ ಬಂದಿಲ್ಲ. ಬಂದರೆ ತಿಳಿಸುತ್ತೇನೆ.

ನಿಮ್ಮಲ್ಲೂ ಬರೆದು ಉಣ್ಣುವವರು, ಪಾಠ ಮಾಡುವವರು ಇದ್ದೀರಿ. ನಿಮ್ಮದೇ ಬರಹ ನಿಮ್ಮದಲ್ಲ ಎಂದು ಯಾರಾದರೂ ಹೇಳಿದ್ದಾರೆಯೇ? ಆಗ ನೀವೇನು ಮಾಡಿದಿರಿ?