ತಾವೇ ಗಾಯ ಮಾಡಿಕೊಳ್ಳೋದು ಯಾಕೆ? ಮನೆಯವರು ಏನು ಮಾಡಬೇಕು?

ಹರೆಯದ ಮಕ್ಕಳು ತಮಗೆ ತಾವೇ ಗಾಯ ಮಾಡಿಕೊಂಡದ್ದು ಗೊತ್ತಾದರೆ ಮನೆಯಲ್ಲಿ ಮೊದಲು ಬರೋ ಮಾತು, ‘ಎಲ್ಲಾ ನಾಟಕ’. ಬಹಳಷ್ಟು ಸಲ ಅದು ನಾಟಕವಲ್ಲ, ಸಾಯುವ ಉದ್ದೇಶವೂ ಇರೋದಿಲ್ಲ. ಸಿಟ್ಟು, ಅವಮಾನ, ದುಃಖ ತಡೆಯಲಾಗದಷ್ಟು ಉಕ್ಕಿಬಂದು, ಹೇಳಿಕೊಳ್ಳಲು ಮಾತೇ ಸಿಗದಾಗ ಕೆಲವರು ಈ ದಾರಿ ಹಿಡಿಯುತ್ತಾರೆ. ಮನಸ್ಸು ಹಗುರಾಯಿತು ಅನ್ನಿಸುವುದು ಸ್ವಲ್ಪ ಹೊತ್ತು ಮಾತ್ರ. ಹಿಂದೆಯೇ ನಾಚಿಕೆ, ಅಳುಕು. ಸಂಕಟ ಮತ್ತೆ ಹೆಚ್ಚುತ್ತದೆ, ಅದೇ ರೂಢಿಯಾಗುತ್ತದೆ. ಹಾಗಂತ ಹಗುರವಾಗಿ ತಗೊಳ್ಳೋ ಹಾಗಿಲ್ಲ: ಇಂಥವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚು.

ಉಕ್ಕಿಬರುವ ಭಾವನೆಯನ್ನು ನಿಭಾಯಿಸುವುದನ್ನು ಸೈಕಲ್ ಕಲಿತ ಹಾಗೆ ಕಲಿಯಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ‘ಡಿಬಿಟಿ’ ಚಿಕಿತ್ಸೆಯಲ್ಲಿ ಇದನ್ನೇ ಕಲಿಸುತ್ತಾರೆ. ಬಂದಿರುವುದು ಸಿಟ್ಟೋ, ಭಯವೋ ಎಂದು ಗುರುತಿಸುವುದು. ಮುಖಕ್ಕೆ ತಣ್ಣೀರು ಹಾಕಿಕೊಂಡು ಆ ಉಬ್ಬರ ಇಳಿಯುವ ತನಕ ಕಾಯುವುದು.

ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅಷ್ಟೇ. ಗಾಯಕ್ಕೆ ಔಷಧ ಹಚ್ಚಿ, ‘ಏನಾಯ್ತು ಮಗಾ’ ಅಂತ ಕೇಳಿ, ಪಕ್ಕದಲ್ಲಿ ಸುಮ್ಮನೆ ಕೂತರೂ ಮೊದಲ ದಿನಕ್ಕೆ ಅದು ದೊಡ್ಡದೇ. ಆಮೇಲೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.