ಮೊಜಾರ್ಟೋ, ವೆಬರೋ?

ನಮ್ಮ ಕಡೆ ಕ್ಲಾರಿಯೋನೆಟ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ನೆನಪಾಗುತ್ತದೆ. ಯುರೋಪಿನಲ್ಲಿ ಅದೇ ವಾದ್ಯದ ಸ್ಪರ್ಧೆಗೆ ಇಳಿಯುವವರ ಮುಂದಿರುವ ಪ್ರಶ್ನೆ ಬೇರೆ: ಯಾವ ಕನ್ಸರ್ಟೊ ನುಡಿಸುವುದು? ಒಂದು ವಾದ್ಯ ಮುಂದಾಳಾಗಿ, ಇಡೀ ವಾದ್ಯವೃಂದ ಅದಕ್ಕೆ ಜೊತೆಗೂಡುವ ಕೃತಿಗೆ ಈ ಹೆಸರು.

ಮೊಜಾರ್ಟ್ ತನ್ನದನ್ನು 1791ರಲ್ಲಿ, ಸಾವಿಗೆ ಸುಮಾರು ಎರಡು ತಿಂಗಳ ಮೊದಲು, ಗೆಳೆಯ ಆಂಟನ್ ಸ್ಟಾಡ್ಲರ್‌ಗಾಗಿ ಬರೆದ. ಸ್ಟಾಡ್ಲರ್‌ನ ವಾದ್ಯ ಮಾಮೂಲಿಗಿಂತ ಉದ್ದ. ಮಂದ್ರದಲ್ಲಿ ಇನ್ನೂ ಕೆಳಗಿಳಿಯುತ್ತಿತ್ತು. ಹಸ್ತಪ್ರತಿ ಕಳೆದುಹೋಯಿತು. 1801ರ ಸುಮಾರಿಗೆ ಅಚ್ಚಾದದ್ದು ಸಾಮಾನ್ಯ ವಾದ್ಯಕ್ಕೆ ಹೊಂದಿಸಿದ ರೂಪ. ಹಾಗಾಗಿ ಈಗ ಕೆಲವರು ಉದ್ದನೆಯ ವಾದ್ಯವನ್ನೇ ಮಾಡಿಸಿಕೊಂಡು ನುಡಿಸುವುದುಂಟು! ವೆಬರ್‌ನ ಎರಡು ಕನ್ಸರ್ಟೊಗಳು 1811ರವು. ಮ್ಯೂನಿಕ್‌ನ ಹೈನ್ರಿಕ್ ಬೇರ್ಮನ್‌ನ ಕೈಚಳಕಕ್ಕೆಂದೇ ಹುಟ್ಟಿದವು. ಚಪ್ಪಾಳೆ ಬೇಕಾದವರಿಗೆ ಇವೇ ಸರಿ. ಮೊಜಾರ್ಟ್‌ನ ನಿಧಾನಗತಿಯ ನಡುಭಾಗದಲ್ಲಿ ಉಸಿರು ತುಸು ನಡುಗಿದರೂ ಮರೆಮಾಚಲು ಜಾಗವಿಲ್ಲ. ಬಹುಮಾನ ಕೈತಪ್ಪುವುದು ಅಲ್ಲಿಯೇ.

ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಇದೇ ವಾದ್ಯದಲ್ಲಿ ಹಿಂದೂಸ್ತಾನಿ ನುಡಿಸಿ ಹೆಸರಾದವರು. ಇಲ್ಲಿ ಬರೆದಿಟ್ಟ ಕೃತಿಯಿಲ್ಲ, ಆಯ್ಕೆ ರಾಗದ್ದು. ಕೀಲಿಗಳಿರುವ ವಾದ್ಯದಲ್ಲಿ ಮೀಂಡ್ ಸುಲಭವಲ್ಲ. ದರಬಾರಿಯ ತೂಗಾಡುವ ಗಾಂಧಾರವನ್ನು ಹೊರಡಿಸಲು ರಂಧ್ರವನ್ನು ಅರ್ಧ ಮುಚ್ಚಿ, ತುಟಿಯ ಬಿಗಿ ಸಡಿಲಿಸಿ ಸ್ವರವನ್ನು ಜಾರಿಸಬೇಕು. ಅಲ್ಲಿಯೂ ಬೆರಳಿಗಿಂತ ಉಸಿರಿಗೇ ಪರೀಕ್ಷೆ.