ಕಿನ್ರಾಸ್ ಮತ್ತು ಪಶ್ಚಿಮ ಪರ್ತ್‌ಷೈರ್: ಒಂದು ಸ್ಕಾಟಿಷ್ ಮತಕ್ಷೇತ್ರದ ಚರಿತ್ರೆ

ಬ್ರಿಟಿಷ್ ಪಾರ್ಲಿಮೆಂಟಿನ ಚರಿತ್ರೆಯನ್ನು ಲಂಡನ್ ನಗರದಿಂದ ನೋಡಿ ಬರೆಯುವುದು ರೂಢಿ. ಮಂತ್ರಿಮಂಡಲಗಳ ಏಳುಬೀಳು, ಸಭೆಯ ವಾದವಿವಾದ, ಶಾಸನಗಳ ಅಂಗೀಕಾರ ಇವೇ ಅದರ ವಸ್ತು. ಸದಸ್ಯರನ್ನು ಆ ಸಭೆಗೆ ಕಳುಹಿಸಿದ ಊರುಗಳ ಕಡೆಗೆ ಚರಿತ್ರಕಾರನ ದೃಷ್ಟಿ ಹರಿಯುವುದು ವಿರಳ. ಆದರೆ ಪ್ರಾತಿನಿಧ್ಯವೆಂಬ ತತ್ತ್ವವು ವ್ಯವಹಾರದಲ್ಲಿ ಏನಾಯಿತೆಂಬುದನ್ನು ತಿಳಿಯಬೇಕಾದರೆ ಮತಕ್ಷೇತ್ರದ ಮಟ್ಟಕ್ಕೆ ಇಳಿದು ನೋಡದೆ ಗತ್ಯಂತರವಿಲ್ಲ. ಈ ಉದ್ದೇಶದಿಂದ ನಾವು ಇಲ್ಲಿ ಸ್ಕಾಟ್ಲೆಂಡಿನ ಒಂದು ಗ್ರಾಮೀಣ ಮತಕ್ಷೇತ್ರವನ್ನು ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ೧೯೧೮ರಲ್ಲಿ ಹುಟ್ಟಿ ೧೯೮೩ರಲ್ಲಿ ಅಳಿದ ಇದರ ಆಯುಸ್ಸು ಅರುವತ್ತೈದು ವರ್ಷ. ಅಷ್ಟರೊಳಗೆ ಅದು ಎರಡು ಸಲ ಇಡೀ ಬ್ರಿಟನ್ನಿನ ಗಮನವನ್ನು ತನ್ನ ಕಡೆಗೆ ಸೆಳೆಯಿತು. ಆ ಎರಡು ಸಂದರ್ಭಗಳೂ ಉಪಚುನಾವಣೆಗಳೇ.

ಪರ್ತ್‌ಷೈರ್ ಕೌಂಟಿಯ ಪಶ್ಚಿಮ ಭಾಗವು ಸ್ಕಾಟ್ಲೆಂಡಿನ ತಗ್ಗುನಾಡಿಗೂ ಮಲೆನಾಡಿಗೂ ನಡುವಣ ಸಂಧಿಪ್ರದೇಶ. ಟೇ ಮತ್ತು ರ‍್ಯಾನಕ್ ಸರೋವರಗಳು, ಕುರಿ ಮೇಯುವ ಬೋಳುಬೆಟ್ಟಗಳು, ಆಥಲ್ ಮನೆತನದ ಡ್ಯೂಕರು ಹಿಂದೆ ನೆಡಿಸಿದ ಲಾರ್ಚ್ ಮರಗಳ ಕಾಡುಗಳು, ಕ್ರೀಫ್, ಆಬರ್‌ಫೆಲ್ಡಿ, ಪಿಟ್ಲಾಖ್ರಿಯಂತಹ ಚಿಕ್ಕ ಪೇಟೆಗಳು ಇಲ್ಲಿವೆ. ಆಗ್ನೇಯಕ್ಕಿರುವ ಕಿನ್ರಾಸ್, ಕ್ಲಾಕ್‌ಮ್ಯಾನನ್ನನ್ನು ಬಿಟ್ಟರೆ ಸ್ಕಾಟ್ಲೆಂಡಿನ ಅತಿ ಚಿಕ್ಕ ಕೌಂಟಿ. ರಾಣಿ ಮೇರಿಯನ್ನು ೧೫೬೭ರಲ್ಲಿ ಸೆರೆಯಿಟ್ಟ ಕೋಟೆಯು ಅಲ್ಲಿಯ ಲೀವೆನ್ ಸರೋವರದ ದ್ವೀಪವೊಂದರಲ್ಲಿದೆ. ಈ ವಿಶಾಲ ಪ್ರದೇಶದಲ್ಲಿ ದೊಡ್ಡ ನಗರವಾಗಲಿ ಗಣಿಗಳ ಸಾಲಾಗಲಿ ಇರಲಿಲ್ಲ. ಭೂಮಿ ದೊಡ್ಡ ಒಡೆಯರದು, ಬೇಸಾಯ ಗೇಣಿದಾರರದು. ಮುಂದಿನ ಸಂಗತಿಗಳನ್ನು ಓದುವಾಗ ಇದು ನೆನಪಿನಲ್ಲಿರಬೇಕು.

೧೭೦೭ರ ಸಂಯೋಗಶಾಸನದಿಂದ ಸ್ಕಾಟ್ಲೆಂಡಿಗೆ ಸಾಮಾನ್ಯರ ಸಭೆಯಲ್ಲಿ ೪೫ ಸ್ಥಾನಗಳು ದೊರೆತವು. ಕೌಂಟಿಗಳಿಗೆ ೩೦, ಪಟ್ಟಣಗಳಿಗೆ ೧೫. ಆದರೆ ಕೌಂಟಿಗಳು ಇದ್ದುದು ೩೩. ಹಾಗಾಗಿ ಆರು ಚಿಕ್ಕ ಕೌಂಟಿಗಳನ್ನು ಎರಡೆರಡಾಗಿ ಜೋಡಿಸಿ, ಒಂದು ಪಾರ್ಲಿಮೆಂಟಿಗೆ ಒಂದು, ಮುಂದಿನದಕ್ಕೆ ಮತ್ತೊಂದು, ಹೀಗೆ ಸರದಿಯಂತೆ ಸದಸ್ಯನನ್ನು ಆರಿಸುವಂತೆ ಏರ್ಪಾಡು ಮಾಡಲಾಯಿತು. ಕಿನ್ರಾಸಿಗೆ ಕ್ಲಾಕ್‌ಮ್ಯಾನನ್ ಜೋಡಿಯಾಯಿತು. ಸರದಿ ಇಲ್ಲದ ಅವಧಿಯಲ್ಲಿ ಆ ಕೌಂಟಿಯ ಜನಕ್ಕೆ ಸದಸ್ಯನೇ ಇಲ್ಲ. ಆದರೂ ಅಲ್ಲಿ ಈ ವಿಷಯವಾಗಿ ದೊಡ್ಡ ಕೂಗೆದ್ದಂತೆ ಕಾಣುವುದಿಲ್ಲ. ಏಳುವುದಾದರೂ ಹೇಗೆ? ಮತದ ಹಕ್ಕು ಇದ್ದುದು ದೊರೆಯಿಂದ ನೇರವಾಗಿ ಭೂಮಿಯ ಅಧೀನತ್ವ ಪಡೆದವರಿಗೆ ಮಾತ್ರ. ನೆಲವನ್ನು ಅನುಭವಿಸದೆ ಕಾಗದದ ಮೇಲಿನ ಒಡೆತನವನ್ನು ಮಾತ್ರ ಹೊಂದಿದ್ದ ‘ಹೆಸರಿನ ಮತದಾರ’ರನ್ನು ಚುನಾವಣೆಗೆ ಮೊದಲು ಸೃಷ್ಟಿಸುವುದು ಅಂದಿನ ವಕೀಲರಿಗೆ ಲಾಭದ ಕಸಬಾಗಿದ್ದಿತು. ೧೭೬೮ರಲ್ಲಿ ಕಿನ್ರಾಸಿನ ಸರದಿ ಬಂದಾಗ ಅಲ್ಲಿಂದ ಆಯ್ಕೆಯಾದವರು ಪ್ರಸಿದ್ಧ ವಾಸ್ತುಶಿಲ್ಪಿ ರಾಬರ್ಟ್ ಆಡಮ್. ಕಿನ್ರಾಸ್ ಸೀಮೆಯಲ್ಲಿ ಅವರ ಮನೆತನಕ್ಕೆ ಬ್ಲೇರ್ ಆಡಮ್ ಎಂಬ ಜಹಗೀರು ಇದ್ದಿತು. ಅದೇ ಅವರ ಅರ್ಹತೆ.

೧೮೩೨ರ ಸುಧಾರಣೆಯು ಈ ಸರದಿಯ ಪದ್ಧತಿಯನ್ನು ತೊಡೆದು, ಕಿನ್ರಾಸ್ ಮತ್ತು ಕ್ಲಾಕ್‌ಮ್ಯಾನನ್ ಎರಡನ್ನೂ ಒಂದೇ ಕ್ಷೇತ್ರವಾಗಿ ಬೆಸೆಯಿತು. ಇಡೀ ಸ್ಕಾಟ್ಲೆಂಡಿನಲ್ಲಿ ಸುಮಾರು ೪,೫೦೦ ಇದ್ದ ಮತದಾರರ ಸಂಖ್ಯೆ ಸುಮಾರು ೬೫,೦೦೦ಕ್ಕೆ ಏರಿತು. ೧೮೭೨ರಲ್ಲಿ ಗುಪ್ತಮತದಾನ ಬಂದಿತು. ೧೮೮೫ರಲ್ಲಿ ಪರ್ತ್‌ಷೈರ್ ಪೂರ್ವ, ಪಶ್ಚಿಮ ಎಂದು ಎರಡು ವಿಭಾಗಗಳಾಯಿತು. ೧೯೧೦ರಿಂದ ಪಶ್ಚಿಮ ವಿಭಾಗವನ್ನು ಪ್ರತಿನಿಧಿಸಿದ ಟಲಿಬಾರ್ಡಿನ್ ಮಾರ್ಕ್ವಿಸರು ೧೯೧೭ರಲ್ಲಿ ತಂದೆಯ ಮರಣಾನಂತರ ಆಥಲ್ಲಿನ ಡ್ಯೂಕರಾಗಿ ಲಾರ್ಡ್ಸ್ ಸಭೆಗೆ ಹೋದರು. ಮರುವರ್ಷದ ಪುನರ್ವಿಂಗಡಣೆಯಲ್ಲಿ ಪಶ್ಚಿಮ ಪರ್ತ್‌ಷೈರಿಗೆ ಕಿನ್ರಾಸ್ ಸೇರಿ ನಮ್ಮ ಕ್ಷೇತ್ರ ರೂಪುಗೊಂಡಿತು. ಮೊದಲ ಸದಸ್ಯರು ಲಿಬರಲ್ ಪಕ್ಷದ ಜೇಮ್ಸ್ ಗಾರ್ಡಿನರ್. ೧೯೨೩ರಲ್ಲಿ ಆ ಸ್ಥಾನವನ್ನು ಗೆದ್ದವರು ಡ್ಯೂಕರ ಪತ್ನಿ ಕ್ಯಾಥರೀನ್.

ಸ್ಕಾಟ್ಲೆಂಡಿನಿಂದ ಸಾಮಾನ್ಯರ ಸಭೆಗೆ ಆಯ್ಕೆಯಾದ ಮೊದಲನೆಯ ಮಹಿಳೆ ಇವರೇ. ಹತ್ತು ವರ್ಷ ಹಿಂದೆ ಇದೇ ಮಹಿಳೆ ಸ್ತ್ರೀಯರಿಗೆ ಮತಾಧಿಕಾರ ಕೂಡದೆಂದು ವೇದಿಕೆಯ ಮೇಲೆ ನಿಂತು ವಾದಿಸಿದ್ದರೆಂಬುದನ್ನು ಮರೆಯಲಾಗದು. ಚರಿತ್ರೆಗೆ ಇಂತಹ ವಿನೋದಗಳು ಹೊಸತಲ್ಲ. ಆಕೆಯ ತಂದೆ ಸರ್ ಜೇಮ್ಸ್ ರ‍್ಯಾಮ್ಸೆ ಇಂಗ್ಲೆಂಡಿನ ಮಧ್ಯಯುಗವನ್ನು ಕುರಿತು ಬರೆದ ಚರಿತ್ರಕಾರರು. ದಾಖಲೆಯನ್ನು ತಾನೇ ಓದಿ ನೋಡುವ ಅಭ್ಯಾಸವು ಮಗಳಿಗೆ ಅಲ್ಲಿಂದ ಬಂದಿರಬೇಕು. ೧೯೨೪ರಿಂದ ೧೯೨೯ರವರೆಗೆ ಶಿಕ್ಷಣ ಇಲಾಖೆಯ ಪಾರ್ಲಿಮೆಂಟರಿ ಕಾರ್ಯದರ್ಶಿಯಾಗಿದ್ದು, ಕನ್ಸರ್ವೆಟಿವ್ ಪಕ್ಷದಿಂದ ಸರ್ಕಾರದಲ್ಲಿ ಅಧಿಕಾರ ವಹಿಸಿದ ಮೊದಲ ಮಹಿಳೆಯೆನಿಸಿದರು. ಹಿಟ್ಲರನ ಆತ್ಮಚರಿತ್ರೆಯನ್ನು ಜರ್ಮನ್ ಮೂಲದಲ್ಲಿ ಓದಿ, ಇಂಗ್ಲಿಷ್ ಅನುವಾದದಲ್ಲಿ ಯುದ್ಧಾಕಾಂಕ್ಷೆಯ ಭಾಗಗಳು ಬಿಟ್ಟುಹೋಗಿವೆಯೆಂದು ತಮ್ಮ ಪಕ್ಷದ ಹಿರಿಯರನ್ನು ಎಚ್ಚರಿಸಿದವರೂ ಇವರೇ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರ ಏಕಪಕ್ಷೀಯವಾದೀತು. ಭಾರತೀಯ ಓದುಗನು ಕೇಳಬೇಕಾದ ಮತ್ತೊಂದು ಮಾತಿದೆ. ಭಾರತ ಸರ್ಕಾರದ ಮಸೂದೆಯು ಪಾರ್ಲಿಮೆಂಟಿನ ಮುಂದೆ ಬಂದಾಗ ಡಚೆಸ್ ಅದನ್ನು ಬಲವಾಗಿ ವಿರೋಧಿಸಿದರು. ಈ ವಿಷಯದಲ್ಲಿ ಚರ್ಚಿಲ್ಲರ ಗುಂಪೇ ಅವರ ಗುಂಪು. ೧೯೩೫ರಲ್ಲಿ ಈ ಮಸೂದೆ ಹಾಗೂ ಇತರ ಕೆಲವು ಕಾರಣಗಳಿಗಾಗಿ ಪಕ್ಷದ ವಿಪ್ಪನ್ನೇ ತ್ಯಜಿಸಿ, ಅದೇ ವರ್ಷ ಮತ್ತೆ ಪಕ್ಷಕ್ಕೆ ಮರಳಿದರು. ಆಕೆ ತಡೆಯಲು ಯತ್ನಿಸಿದ ಆ ಶಾಸನದಂತೆಯೇ ೧೯೩೭ರಲ್ಲಿ ಪ್ರಾಂತ್ಯಗಳ ಚುನಾವಣೆಗಳು ನಡೆದು, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಕನ್ನಡಿಗರೂ, ಮದರಾಸು ಪ್ರಾಂತ್ಯದ ಬಳ್ಳಾರಿ, ದಕ್ಷಿಣ ಕನ್ನಡಗಳವರೂ ಹಿಂದಿಗಿಂತ ವಿಸ್ತಾರವಾದ ಮತಾಧಿಕಾರದಿಂದ ತಮ್ಮ ಶಾಸನಸಭೆಗಳನ್ನು ಆರಿಸಿದರು. ಪರ್ತ್‌ಷೈರಿನ ಗೇಣಿದಾರನಿಗೆ ಇದ್ದ ಹಕ್ಕು ಧಾರವಾಡದ ಒಕ್ಕಲಿಗನಿಗೆ ಬರುವುದು ಆಕೆಗೆ ಒಪ್ಪಿಗೆಯಾಗಿರಲಿಲ್ಲ. ೧೯೩೮ರ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದನ್ನು ಒಂದು ಉಪವಾಕ್ಯದಲ್ಲಿ ದಾಟಿಸಿಬಿಡುತ್ತಾರೆ. ನಮಗೆ ಅದು ಸರಿಯೆನಿಸುವುದಿಲ್ಲ. ಪಕ್ಷಕ್ಕೆ ಎದುರಾಗಿ ನಿಲ್ಲುವ ಆಕೆಯ ಅಭ್ಯಾಸವು ಆರಂಭವಾದುದು ನಮ್ಮ ವಿರುದ್ಧವಾಗಿಯೇ.

೧೯೩೬ರಲ್ಲಿ ಸ್ಪೇನಿನ ಅಂತರ್ಯುದ್ಧ ಹೊತ್ತಿಕೊಂಡಿತು. ೧೯೩೭ರ ಏಪ್ರಿಲಿನಲ್ಲಿ ಡಚೆಸ್, ಎಲಿನರ್ ರಾಥ್‌ಬೋನ್ ಮತ್ತು ಎಲೆನ್ ವಿಲ್ಕಿನ್‌ಸನ್ ಮೊದಲಾದವರೊಡನೆ ಗಣರಾಜ್ಯದ ಪ್ರದೇಶಕ್ಕೆ ಹೋಗಿ, ಬಾಂಬಿಗೆ ತುತ್ತಾದ ಊರುಗಳನ್ನು ಕಣ್ಣಾರೆ ಕಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಬಾಸ್ಕ್ ನಾಡಿನ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕರೆತಂದ ಕಾರ್ಯದಲ್ಲಿ ಆಕೆಯ ಪಾತ್ರ ಹಿರಿದು. ೧೯೩೮ರಲ್ಲಿ ಸ್ಪೇನನ್ನು ಕುರಿತ ಆಕೆಯ ಪುಸ್ತಕವು ಪೆಂಗ್ವಿನ್ ಮಾಲೆಯಲ್ಲಿ ಅಗ್ಗದ ಬೆಲೆಗೆ ಹೊರಬಂದಿತು. ‘ಕೆಂಪು ಡಚೆಸ್’ ಎಂಬ ಅಡ್ಡಹೆಸರು ಅಂಟಿದುದು ಈ ಕಾಲದಲ್ಲಿ. ಸೋವಿಯೆತ್ ದೇಶದ ಬಲಾತ್ಕಾರದ ದುಡಿಮೆಯನ್ನು ೧೯೩೧ರಲ್ಲಿಯೇ ಖಂಡಿಸಿ ಪುಸ್ತಕ ಬರೆದಿದ್ದವರಿಗೆ ಈ ಹೆಸರು ಎಷ್ಟುಮಾತ್ರವೂ ಒಪ್ಪುವಂತಹುದಲ್ಲ.

೧೯೩೮ರ ಏಪ್ರಿಲಿನಲ್ಲಿ ಆಕೆ ಎರಡನೆಯ ಸಲ ವಿಪ್ಪನ್ನು ತ್ಯಜಿಸಿದರು. ಸೆಪ್ಟೆಂಬರಿನ ಕೊನೆಯಲ್ಲಿ ಮ್ಯೂನಿಕ್ ಒಪ್ಪಂದವಾಗಿ ಚೆಕೊಸ್ಲೊವಾಕಿಯ ಹರಿದುಹೋಯಿತು. ಆಕೆ ಅದನ್ನು ಬಹಿರಂಗವಾಗಿ ಖಂಡಿಸಿದರು. ಕ್ಷೇತ್ರದ ಪಕ್ಷಸಂಘವು ಆಕೆಯನ್ನು ಬಿಟ್ಟು ವಿಲಿಯಂ ಮೆಕ್‌ನೇರ್ ಸ್ನ್ಯಾಡನ್ ಎಂಬ ಸ್ಥಳೀಯ ಕೃಷಿಕರನ್ನು ತನ್ನ ಮುಂದಿನ ಅಭ್ಯರ್ಥಿಯಾಗಿ ಆರಿಸಿತು. ಡಚೆಸ್ ಮುಂದಿನ ಸಾರ್ವತ್ರಿಕ ಚುನಾವಣೆಯವರೆಗೆ ಸ್ಥಾನದಲ್ಲಿ ಕುಳಿತಿರಬಹುದಾಗಿದ್ದಿತು. ಆದರೆ ನವೆಂಬರಿನಲ್ಲಿ ರಾಜೀನಾಮೆಯಿತ್ತು, ಸ್ವತಂತ್ರ ಅಭ್ಯರ್ಥಿಯಾಗಿ ನಿಂತು, ಮತದಾರರೇ ತೀರ್ಪು ಕೊಡಲೆಂದರು. ಲಿಬರಲ್ ಅಭ್ಯರ್ಥಿ ಹಿಂದೆ ಸರಿದರು. ಕಾರ್ಮಿಕ ಪಕ್ಷ ಯಾರನ್ನೂ ನಿಲ್ಲಿಸಲಿಲ್ಲ. ಕನ್ಸರ್ವೆಟಿವ್ ಸದಸ್ಯರು ಲಂಡನ್ನಿನಿಂದ ದಂಡಾಗಿ ಬಂದು ಆಕೆಯ ವಿರುದ್ಧ ಭಾಷಣ ಮಾಡಿದರು. ಚರ್ಚಿಲ್ ಬೆಂಬಲದ ಪತ್ರವೊಂದನ್ನು ಕಳುಹಿಸಿದರೇ ಹೊರತು ತಾವು ಬರಲಿಲ್ಲ. ಡಿಸೆಂಬರ್ ೨೧, ಮತದಾನದ ದಿನ, ಹಿಮ ಬಿದ್ದಿದ್ದಿತು. ಸ್ನ್ಯಾಡನ್‌ರಿಗೆ ೧೧,೮೦೮, ಡಚೆಸ್ಸರಿಗೆ ೧೦,೪೯೫ ಮತಗಳು ಬಂದು ೧,೩೧೩ ಮತಗಳ ಅಂತರದಿಂದ ಆಕೆ ಸೋತರು.

ಈ ಸೋಲನ್ನು ಮ್ಯೂನಿಕ್ ನೀತಿಗೆ ದೊರೆತ ಜನಸಮ್ಮತಿಯೆಂದು ಅಂದಿನ ಸರ್ಕಾರಪಕ್ಷದವರು ವರ್ಣಿಸಿದರು. ಅದೇ ಶರತ್ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಸರ್ಕಾರದ ಅಭ್ಯರ್ಥಿ ಗೆದ್ದು, ಬ್ರಿಜ್‌ವಾಟರಿನಲ್ಲಿ ಸ್ವತಂತ್ರ ಅಭ್ಯರ್ಥಿ ವರ್ನನ್ ಬಾರ್ಟ್‌ಲೆಟ್ ಗೆದ್ದಿದ್ದುದನ್ನು ನೋಡಿದರೆ ‘ಜನಸಮ್ಮತಿ’ ಎಂಬ ಮಾತು ಅಷ್ಟು ಸರಳವಲ್ಲ. ಜಮೀನುದಾರರು ಗೇಣಿಯಲ್ಲಿ ರಿಯಾಯಿತಿ ತೋರಿಸಿ ಒಕ್ಕಲುಗಳನ್ನು ಒಲಿಸಿಕೊಂಡರೆಂಬ ಮಾತೂ ಪ್ರಚಾರದಲ್ಲಿದೆ; ಗುಪ್ತಮತದಾನವಿದ್ದಲ್ಲಿ ಅದರ ಪರಿಣಾಮವನ್ನು ಅಳೆಯುವ ಸಾಧನವಿಲ್ಲ. ಹಿಮವೇ ಸೋಲಿಸಿತೆಂಬ ವಾದವೂ ಇದೆ. ಆದರೆ ಹಿಮವು ಇಬ್ಬರ ಮತದಾರರ ಬಾಗಿಲಿಗೂ ಬಿದ್ದಿತ್ತಷ್ಟೆ.

ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದುದು ಮತಗಳ ಮೊತ್ತವಲ್ಲ, ಅವುಗಳ ಮೂಲ. ಬೇರೆ ವಿರೋಧಪಕ್ಷಗಳ ಅಭ್ಯರ್ಥಿಗಳಿಲ್ಲದಿದ್ದುದರಿಂದ, ಹದಿನೈದು ವರ್ಷ ಆಕೆಯನ್ನು ಎದುರಿಸುತ್ತ ಬಂದ ಲಿಬರಲ್ ಮತ್ತು ಕಾರ್ಮಿಕ ಮತದಾರರಲ್ಲಿ ಬಹುಮಂದಿ ಈಗ ಆಕೆಯ ಕಡೆಗೆ ಬಂದಿರಬೇಕು. ಹದಿನೈದು ವರ್ಷ ಬೆಂಬಲಿಸಿದವರಲ್ಲಿ ಬಹುಮಂದಿ ಆಕೆಯನ್ನು ಬಿಟ್ಟಿರಬೇಕು. ವ್ಯಕ್ತಿ ಅದೇ, ಕ್ಷೇತ್ರ ಅದೇ. ಪಕ್ಷದ ಮುದ್ರೆ ಮಾತ್ರ ಬೇರೆಯವರ ಕೈಸೇರಿತ್ತು. ಸದಸ್ಯನು ತನ್ನ ವಿವೇಚನೆಯಂತೆ ನಡೆಯಬೇಕೆಂದು ಎಡ್ಮಂಡ್ ಬರ್ಕ್ ೧೭೭೪ರಲ್ಲಿ ಬ್ರಿಸ್ಟಲ್ ಮತದಾರರ ಮುಂದೆ ಮಾಡಿದ ವಾದವನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಬರ್ಕರೂ ಆರು ವರ್ಷಗಳ ನಂತರ ಆ ಸ್ಥಾನವನ್ನು ಉಳಿಸಿಕೊಳ್ಳಲಾರದೆ ಹೋದರು. ಕಿನ್ರಾಸಿನಲ್ಲಿ ಹದಿನೆಂಟನೆಯ ಶತಮಾನದ ಕಾಗದದ ಒಡೆಯರು ಮಾಡುತ್ತಿದ್ದ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಪಕ್ಷಸಂಘದ ಸಮಿತಿ ಮಾಡಿತೆಂದರೆ ಅತಿಶಯೋಕ್ತಿಯಾದೀತು, ಪೂರ್ಣವಾಗಿ ಸುಳ್ಳಾಗಲಾರದು. ಡಚೆಸ್ ಮತ್ತೆ ಪಾರ್ಲಿಮೆಂಟಿಗೆ ಹೋಗಲಿಲ್ಲ. ಮಹಾಯುದ್ಧಾನಂತರ ಪೂರ್ವ ಯುರೋಪಿನ ಮೇಲೆ ಸೋವಿಯೆತ್ ಹಿಡಿತವನ್ನು ವಿರೋಧಿಸುವ ಸಂಸ್ಥೆಯನ್ನು ನಡೆಸಿ, ೧೯೬೦ರಲ್ಲಿ ತೀರಿಕೊಂಡರು.

ಸ್ನ್ಯಾಡನ್ ೧೯೫೫ರವರೆಗೂ, ಅವರ ತರುವಾಯ ಗಿಲ್ಮರ್ ಲೆಬರ್ನ್ ೧೯೬೩ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿದ್ದರು. ಆ ತೆರವಿಗೆ ಜಾರ್ಜ್ ಯಂಗರ್ ಎಂಬ ಯುವಕರು ಆಗಲೇ ಅಭ್ಯರ್ಥಿಯಾಗಿ ನಿಶ್ಚಿತರಾಗಿದ್ದರು. ಅಷ್ಟರಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಅಸ್ವಸ್ಥರಾಗಿ ರಾಜೀನಾಮೆಯಿತ್ತರು. ಅಕ್ಟೋಬರ್ ೧೯ರಂದು ಹದಿನಾಲ್ಕನೆಯ ಅರ್ಲ್ ಹ್ಯೂಮ್ ಪ್ರಧಾನಿಯಾದರು. ಲಾರ್ಡ್ಸ್ ಸಭೆಯಲ್ಲಿದ್ದು ಸರ್ಕಾರ ನಡೆಸುವುದು ಆ ಕಾಲಕ್ಕೆ ಒಗ್ಗದ ಮಾತು. ಅದೇ ವರ್ಷ ಜಾರಿಗೆ ಬಂದ ಶಾಸನದ ಮೇರೆಗೆ ಅಕ್ಟೋಬರ್ ೨೩ರಂದು ಅವರು ಪದವಿಯನ್ನು ಬಿಟ್ಟುಕೊಟ್ಟು ಸರ್ ಅಲೆಕ್ ಡಗ್ಲಸ್-ಹ್ಯೂಮ್ ಆದರು. ಯಂಗರ್ ದಾರಿ ಬಿಟ್ಟುಕೊಟ್ಟರು. ಪಾರ್ಲಿಮೆಂಟಿನ ಅಧಿವೇಶನವನ್ನೇ ನವೆಂಬರ್ ೧೨ಕ್ಕೆ ಮುಂದೂಡಲಾಯಿತು. ಹೀಗೆ ಸುಮಾರು ಎರಡು ವಾರ ಬ್ರಿಟನ್ನಿನ ಪ್ರಧಾನಿಯು ಯಾವ ಸಭೆಯ ಸದಸ್ಯನೂ ಅಲ್ಲದೆ, ಪರ್ತ್‌ಷೈರಿನ ಹಳ್ಳಿಗಳಲ್ಲಿ ಮತಯಾಚನೆ ಮಾಡುತ್ತಿದ್ದರು.

ನವೆಂಬರ್ ೭ರ ಮತದಾನದಲ್ಲಿ ಅವರಿಗೆ ೧೪,೧೪೭, ಲಿಬರಲ್ ಅಭ್ಯರ್ಥಿಗೆ ೪,೮೧೯, ಕಾರ್ಮಿಕ ಪಕ್ಷಕ್ಕೆ ೩,೭೫೨, ಸ್ಕಾಟಿಷ್ ರಾಷ್ಟ್ರೀಯ ಪಕ್ಷದ ನಾಯಕ ಆರ್ಥರ್ ಡೊನಾಲ್ಡ್‌ಸನ್‌ರಿಗೆ ೧,೮೦೧ ಮತಗಳು ಬಂದವು. ಹಾಸ್ಯನಟ ವಿಲಿಯಂ ರಷ್ಟನ್ ೪೫ ಮತ ಪಡೆದರು. ಇನ್ನೊಂದು ಸಂಗತಿಯನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಚಿತ. ೧೯೩೮ರಲ್ಲಿ ಚೇಂಬರ್ಲೇನರೊಡನೆ ಮ್ಯೂನಿಕ್ಕಿಗೆ ಹೋಗಿದ್ದ ಅವರ ಪಾರ್ಲಿಮೆಂಟರಿ ಆಪ್ತಕಾರ್ಯದರ್ಶಿ ಲಾರ್ಡ್ ಡನ್‌ಗ್ಲಾಸ್ ಎಂಬುವರು ಬೇರೆ ಯಾರೂ ಅಲ್ಲ, ಈ ಹ್ಯೂಮ್ ಅವರೇ. ಆ ಒಪ್ಪಂದವನ್ನು ಖಂಡಿಸಿದವರನ್ನು ಮನೆಗೆ ಕಳುಹಿಸಿದ ಕ್ಷೇತ್ರವು ಇಪ್ಪತ್ತೈದು ವರ್ಷಗಳ ಮೇಲೆ ಆ ಒಪ್ಪಂದದ ಕಾಲದಲ್ಲಿ ಜೊತೆಗಿದ್ದವರನ್ನು ಪಾರ್ಲಿಮೆಂಟಿಗೆ ಕಳುಹಿಸಿತು. ಇದರಲ್ಲಿ ಯಾವುದೋ ಗೂಢಾರ್ಥವನ್ನು ಹುಡುಕುವ ಅಗತ್ಯವಿಲ್ಲ. ಎರಡು ಸಲವೂ ಕ್ಷೇತ್ರವು ಸಂಘದ ಅಭ್ಯರ್ಥಿಯನ್ನೇ ಆರಿಸಿತು.

೧೯೬೪ರ ಸಾರ್ವತ್ರಿಕ ಚುನಾವಣೆಯಲ್ಲಿ ಹ್ಯೂಮ್ ಅವರಿಗೆ ಎದುರಾಗಿ ಕಮ್ಯುನಿಸ್ಟ್ ಅಭ್ಯರ್ಥಿಯಾಗಿ ನಿಂತವರು ಸ್ಕಾಟ್ಲೆಂಡಿನ ಮಹಾಕವಿ ಹ್ಯೂ ಮೆಕ್‌ಡರ್ಮಿಡ್. ಅವರಿಗೆ ಬಂದುದು ೧೨೭ ಮತ. ಹ್ಯೂಮ್ ಅವರ ದೂರದರ್ಶನ ಭಾಷಣಗಳ ಖರ್ಚನ್ನು ಚುನಾವಣಾವೆಚ್ಚಕ್ಕೆ ಸೇರಿಸಬೇಕೆಂದು ಕವಿ ಹೂಡಿದ ತಕರಾರು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹ್ಯೂಮ್ ಪ್ರಧಾನಿಪದವನ್ನು ಕಳೆದುಕೊಂಡರೂ ೧೯೭೪ರವರೆಗೆ ಸದಸ್ಯರಾಗಿ ಉಳಿದರು. ಅವರು ನಿವೃತ್ತರಾದ ಕೂಡಲೆ ಕ್ಷೇತ್ರದ ನೆಲವೇ ಅಲುಗಿತು. ೧೯೭೪ರ ಅಕ್ಟೋಬರಿನ ಚುನಾವಣೆಯಲ್ಲಿ ಕನ್ಸರ್ವೆಟಿವ್ ಪಕ್ಷದ ನಿಕೊಲಸ್ ಫೇರ್‌ಬೇರ್ನ್ ಸ್ಕಾಟಿಷ್ ರಾಷ್ಟ್ರೀಯ ಪಕ್ಷದ ವಿರುದ್ಧ ಕೇವಲ ೫೩ ಮತಗಳಿಂದ ಗೆದ್ದರು. ನೆರೆಯ ಪರ್ತ್ ಮತ್ತು ಪೂರ್ವ ಪರ್ತ್‌ಷೈರ್ ಕ್ಷೇತ್ರವು ಆ ಪಕ್ಷದ ಪಾಲಾಯಿತು.

೧೯೭೫ರಲ್ಲಿ ಸ್ಕಾಟ್ಲೆಂಡಿನ ಹಳೆಯ ಕೌಂಟಿಗಳ ಆಡಳಿತ ರದ್ದಾಯಿತು. ಕೌಂಟಿಯೇ ಇಲ್ಲವಾದ ಮೇಲೆ ಕೌಂಟಿಯ ಹೆಸರಿನ ಕ್ಷೇತ್ರಕ್ಕೆ ಹೆಚ್ಚು ಕಾಲವಿರಲಿಲ್ಲ. ೧೯೮೩ರ ಪುನರ್ವಿಂಗಡಣೆಯಲ್ಲಿ ಕಿನ್ರಾಸ್ ಸೀಮೆಯು ಪರ್ತ್ ನಗರದೊಡನೆ ಸೇರಿ ‘ಪರ್ತ್ ಮತ್ತು ಕಿನ್ರಾಸ್’ ಆಯಿತು. ಫೇರ್‌ಬೇರ್ನ್ ಅಲ್ಲಿಗೆ ಹೋದರು. ಪಿಟ್ಲಾಖ್ರಿ, ಆಬರ್‌ಫೆಲ್ಡಿಗಳ ಮಲೆನಾಡು ‘ಉತ್ತರ ಟೇಸೈಡ್’ ಎಂಬ ಹೊಸ ಕ್ಷೇತ್ರದ ಭಾಗವಾಯಿತು.